ಕಣ್ಣು, ಚರ್ಮ, ಮೂಳೆ: ದಾನಿಯಿಂದ ರೋಗಿಯವರೆಗೆ ಒಂದು ಲೇಬಲ್ ಮಾಡುವ ಕೆಲಸ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಮನೆಯವರು ಅವರ ಕಣ್ಣುಗಳನ್ನು ದಾನ ಮಾಡಿದರು. ಕಣ್ಣು ಎರಡು, ದೃಷ್ಟಿ ಬಂದದ್ದು ನಾಲ್ಕು ಜನರಿಗೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು, ಮುಂದಿನ ಪದರ, ಹಿಂದಿನ ಪದರ ಅಂತ ಬೇರ್ಪಡಿಸಿದರು. ಮುಂದಿನ ಪದರ ಹಾಳಾಗಿದ್ದ ಇಬ್ಬರಿಗೆ ಒಂದು ಭಾಗ, ಹಿಂದಿನ ಪದರ ಹಾಳಾಗಿದ್ದ ಇಬ್ಬರಿಗೆ ಇನ್ನೊಂದು ಭಾಗ ಹಾಕಿದರು. ಆ ಸುದ್ದಿ ಕೇಳಿದ ಮೇಲೆ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು.

ಇಂಥ ಪ್ರತಿ ದಾನದಲ್ಲೂ ಸುದ್ದಿಗೆ ಬಾರದ ಒಂದು ಕೆಲಸ ಇರುತ್ತದೆ. ಎರಡು ಕಣ್ಣು ನಾಲ್ಕು ಭಾಗವಾದ ಕೂಡಲೇ ಲೇಬಲ್ ಕೂಡ ನಾಲ್ಕಾಗಬೇಕು. ಎಡಗಣ್ಣಿನದು ಯಾವುದು, ಬಲಗಣ್ಣಿನದು ಯಾವುದು, ಯಾವ ಪದರ ಯಾವ ರೋಗಿಗೆ ಹೋಯಿತು ಎಲ್ಲ ಬರೆದಿರಬೇಕು. ನಾಳೆ ಅವರಲ್ಲಿ ಒಬ್ಬರಿಗೆ ಸೋಂಕು ಕಂಡಿತು ಅಂದುಕೊಳ್ಳಿ. ಉಳಿದ ಮೂವರನ್ನು ಅವತ್ತೇ ಕರೆಸಿ ನೋಡಬೇಕು. ಯಾರನ್ನು ಕರೆಸಬೇಕು ಅಂತ ಹೇಳಬಲ್ಲದ್ದು ಆ ಲೇಬಲ್ ಮತ್ತು ಅದರ ಹಿಂದಿನ ರಿಜಿಸ್ಟರ್ ಮಾತ್ರ.

ದಾನ ಮಾಡಿ ಅಂತ ಹೇಳುವ ಬರಹ ಬೇಕಾದಷ್ಟಿವೆ, ಇರಲೇಬೇಕು. ದಾನ ಮಾಡಿದ್ದು ಸುರಕ್ಷಿತವಾಗಿ ತಲುಪುವುದು ಹೇಗೆ ಅನ್ನುವುದನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ. ಅದಕ್ಕೇ ಈ ಬರಹ.

ಅಂಗ ಬೇರೆ, ಅಂಗಾಂಶ ಬೇರೆ

ಕಿಡ್ನಿ, ಲಿವರ್, ಹೃದಯ ಇವು ಅಂಗಗಳು. ಕಾರ್ನಿಯಾ, ಚರ್ಮ, ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಹೃದಯದ ಕವಾಟ, ರಕ್ತನಾಳ ಇವೆಲ್ಲ ಅಂಗಾಂಶಗಳು. ನಮ್ಮ ದೇಶದ 1994ರ ಅಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಬಂದಾಗ ಅಂಗಾಂಶವೂ ಹೆಸರಿನ ಸಮೇತ ಅದರೊಳಗೆ ಸೇರಿತು. ಅದರಂತೆ ನಡೆಯುವ ವಿವರವಾದ ನಿಯಮಗಳು ಬಂದದ್ದು 2014ರಲ್ಲಿ. ಅಂಗಾಂಶ ಬ್ಯಾಂಕ್ ನಡೆಸುವವರು ನೋಂದಣಿ ಮಾಡಿಸಲೇಬೇಕು. ದಾನದ ಅಂಗಾಂಶವನ್ನು ದುಡ್ಡಿಗೆ ಮಾರುವುದು ಅಪರಾಧ. ರಕ್ತ ಈ ಲೆಕ್ಕದಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ಕಾನೂನಿದೆ.

ಅಂಗದ ಸಾಗಣೆಯನ್ನು ನಾವೆಲ್ಲ ನೋಡಿದ್ದೇವೆ. ಹೃದಯಕ್ಕೆ ಇರುವುದು ನಾಲ್ಕಾರು ಗಂಟೆ. ಅದಕ್ಕೇ ಗ್ರೀನ್ ಕಾರಿಡಾರ್, ಅದಕ್ಕೇ ಸೈರನ್. 2025ರ ಆಗಸ್ಟ್ 1ರಂದು ನಮ್ಮ ಮೆಟ್ರೋದಲ್ಲಿ ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರಕ್ಕೆ ಒಂದು ಲಿವರ್ ಹೋಯಿತು. ಅದಕ್ಕೂ ಒಂದು ವರ್ಷ ಮೊದಲೇ ಕೇಂದ್ರ ಆರೋಗ್ಯ ಸಚಿವಾಲಯ ವಿಮಾನ, ರೈಲು, ರಸ್ತೆ, ಮೆಟ್ರೋಗಳಲ್ಲಿ ಅಂಗ ಸಾಗಿಸುವ ಕ್ರಮವನ್ನು ಬರೆದು ಕೊಟ್ಟಿತ್ತು. ಅಂಗದ ಡಬ್ಬಿ ವಾಲದಂತೆ ನೆಟ್ಟಗೆ ನಿಲ್ಲಿಸಿ ಬೆಲ್ಟ್ ಹಾಕಬೇಕು ಅನ್ನುವಷ್ಟು ವಿವರ ಅದರಲ್ಲಿದೆ. ಒಂದು ಅಂಗ, ಒಬ್ಬ ರೋಗಿ, ಕೆಲವೇ ಗಂಟೆ. ಡಬ್ಬಿಯ ಜೊತೆಗೆ ಆಸ್ಪತ್ರೆಯ ಮನುಷ್ಯರೇ ಇರುತ್ತಾರೆ. ಅಲ್ಲಿ ಗುರುತು ತಪ್ಪುವ ಸಂದರ್ಭ ಕಡಿಮೆ.

ಅಂಗಾಂಶದ ದಾರಿ ಹೀಗಿಲ್ಲ. ಗ್ಲಿಸರಾಲ್‌ನಲ್ಲಿ ಇಟ್ಟ ಚರ್ಮ ಐದು ವರ್ಷದವರೆಗೂ ಉಳಿಯುತ್ತದೆ. ಒಣಗಿಸಿ ಪ್ಯಾಕ್ ಮಾಡಿದ ಮೂಳೆಯೂ ವರ್ಷಗಟ್ಟಲೆ ಇರುತ್ತದೆ. ಒಬ್ಬ ದಾನಿಯ ಮೂಳೆಯನ್ನು ಕತ್ತರಿಸಿ, ಪುಡಿ ಮಾಡಿ, ಹತ್ತಾರು ಪೊಟ್ಟಣ ಮಾಡಬಹುದು. ಅವು ಬೇರೆ ಬೇರೆ ಊರಿಗೆ, ಬೇರೆ ಬೇರೆ ವರ್ಷದಲ್ಲಿ, ಕೊರಿಯರ್ ಕೈಯಲ್ಲಿ ಹೋಗುತ್ತವೆ. ಬಳಸುವ ಡಾಕ್ಟರಿಗೆ ದಾನಿ ಯಾರು ಅಂತ ಗೊತ್ತಿರುವುದಿಲ್ಲ. ದಾನಿಯನ್ನು ಪರೀಕ್ಷಿಸಿದ ಡಾಕ್ಟರಿಗೆ ಅದು ಯಾರ ಮೈ ಸೇರಿತು ಅಂತ ಗೊತ್ತಿರುವುದಿಲ್ಲ. ಇಬ್ಬರ ನಡುವೆ ಇರುವುದು ಒಂದು ಸ್ಟಿಕ್ಕರ್.

58 ಭಾಗಗಳು, ಲೆಕ್ಕಕ್ಕೆ ಸಿಕ್ಕಿದ್ದು 52

ಈ ಸ್ಟಿಕ್ಕರ್ ಎಷ್ಟು ಮುಖ್ಯ ಅನ್ನುವುದನ್ನು ಜಗತ್ತಿಗೆ ಕಲಿಸಿದ್ದು ಅಮೆರಿಕದ ವರ್ಜೀನಿಯಾದ ಒಂದು ಘಟನೆ. 1985ರಲ್ಲಿ ಗುಂಡೇಟಿನಿಂದ ತೀರಿಕೊಂಡ ಯುವಕನೊಬ್ಬನ ಅಂಗ, ಅಂಗಾಂಶಗಳನ್ನು ದಾನ ಪಡೆದರು. ಎಚ್‌ಐವಿ ಪರೀಕ್ಷೆ ಮಾಡಿದ್ದರು, ಫಲಿತಾಂಶ ನೆಗೆಟಿವ್. ಆದರೆ ಅವನಿಗೆ ಸೋಂಕು ತಗುಲಿ ಬಹಳ ದಿನ ಆಗಿರಲಿಲ್ಲ. ಆಗಿನ ಪರೀಕ್ಷೆ ಹುಡುಕುತ್ತಿದ್ದದ್ದು ವೈರಸ್ಸನ್ನಲ್ಲ, ವೈರಸ್ ವಿರುದ್ಧ ಮೈಯಲ್ಲಿ ಹುಟ್ಟುವ ಪ್ರತಿಕಾಯವನ್ನು. ಪ್ರತಿಕಾಯ ಹುಟ್ಟಲು ಸಮಯ ಬೇಕು. ಆ ಅಂತರದಲ್ಲಿ ರಕ್ತ ಶುದ್ಧವಾಗಿಯೇ ಕಾಣುತ್ತದೆ.

ವಿಷಯ ಹೊರಬಂದದ್ದು 1991ರಲ್ಲಿ. ಆ ಒಬ್ಬ ದಾನಿಯಿಂದ ಒಟ್ಟು 58 ಅಂಗ ಮತ್ತು ಅಂಗಾಂಶದ ಭಾಗಗಳು ಹೊರಗೆ ಹೋಗಿದ್ದವು. ತನಿಖೆ ಮಾಡಿದವರು ಒಂದೊಂದು ಆಸ್ಪತ್ರೆಯ ಕಡತ ತೆಗೆಸಿದರು. 52ರ ಲೆಕ್ಕ ಸಿಕ್ಕಿತು. ಪಡೆದವರು ಇಂಥವರು ಅಂತ ಗುರುತಿಸಲು ಆದದ್ದು 48 ಜನರನ್ನು, ಪರೀಕ್ಷೆ ಮಾಡಲು ಆದದ್ದು 41 ಜನರನ್ನು. ಅವರಲ್ಲಿ ಏಳು ಜನರಿಗೆ ಎಚ್‌ಐವಿ ಬಂದಿತ್ತು. ನಾಲ್ವರು ಅಂಗ ಪಡೆದವರು, ಮೂವರು ಸಂಸ್ಕರಿಸದೆ ಹಾಗೇ ಹೆಪ್ಪುಗಟ್ಟಿಸಿದ್ದ ಮೂಳೆ ಪಡೆದವರು. ಕಾರ್ನಿಯಾ ಪಡೆದ ಇಬ್ಬರಿಗೆ ಏನೂ ಆಗಿರಲಿಲ್ಲ. ಆಲ್ಕೋಹಾಲ್‌ನಲ್ಲಿ ಸಂಸ್ಕರಿಸಿದ ಮೂಳೆ ಪಡೆದ 25 ಜನರೂ ಪಾರಾಗಿದ್ದರು.

ಈ ಅಂಕಿಗಳನ್ನು ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣ ಇದೆ. ಸಂಸ್ಕರಣೆಯಿಂದ ಎಷ್ಟು ಜೀವ ಉಳಿಯಿತು ಅನ್ನುವುದು ಒಂದು. ಇನ್ನೊಂದು, ನನ್ನ ಮಟ್ಟಿಗೆ ಹೆಚ್ಚು ನೋವಿನದು: ಆ ಉಳಿದ ಆರು ಭಾಗ. ಅವು ಎಲ್ಲೋ ಯಾರಿಗೋ ಹೋಗಿರಬಹುದು, ಅಥವಾ ಬಳಸದೆ ಬಿಸಾಡಿರಬಹುದು. ಹೋಗಿದ್ದರೆ, ಪಡೆದವರಿಗೆ ಹೇಳುವವರೇ ಇಲ್ಲ. ಪರೀಕ್ಷೆ ತಪ್ಪಿದ್ದು ಆಗಿನ ವಿಜ್ಞಾನದ ಮಿತಿ. ಲೆಕ್ಕ ತಪ್ಪಿದ್ದಕ್ಕೆ ಆ ಸಬೂಬು ಇಲ್ಲ. ಪೆನ್ನು, ಪುಸ್ತಕ ಆಗಲೂ ಇದ್ದವಲ್ಲ.

1993ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿನ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ, ಅಂಗಾಂಶಗಳಿಗೆ ಮೊದಲ ಬಾರಿಗೆ ತುರ್ತು ನಿಯಮ ತಂದಿತು. ಪೂರ್ತಿ ನಿಯಮಾವಳಿ ಜಾರಿಗೆ ಬರಲು 2005ರ ಮೇ ತಿಂಗಳವರೆಗೆ ಕಾಯಬೇಕಾಯಿತು.

ಲೇಬಲ್ ಮೇಲೆ ಏನಿರುತ್ತದೆ

ಎಲ್ಲಕ್ಕಿಂತ ಮೊದಲು, ಏನು ಇರಬಾರದು ಅಂತ ನೋಡೋಣ. ದಾನಿಯ ಹೆಸರು ಇರಬಾರದು. ಅಂಗಾಂಶದ ಜೊತೆ ಹೋಗುವ ಕಾಗದದಲ್ಲಿ ದಾನಿಯ ಹೆಸರಾಗಲಿ, ಗುರುತು ಸಿಗುವಂಥ ಬೇರೆ ವಿವರವಾಗಲಿ ಇರಕೂಡದು ಅಂತ ಅಮೆರಿಕದ ನಿಯಮ ನೇರವಾಗಿ ಹೇಳುತ್ತದೆ. ನಮ್ಮ 2014ರ ನಿಯಮವೂ ಪ್ರತಿ ದಾನಿಗೆ ಒಂದು ಪ್ರತ್ಯೇಕ ಸಂಖ್ಯೆ ಕೊಡಿ, ದಾನಿಯ ಕಡತ ಎಲ್ಲರ ಕೈಗೂ ಸಿಗದಂತೆ ನೋಡಿಕೊಳ್ಳಿ ಅನ್ನುತ್ತದೆ. ಪುನೀತ್ ಅವರ ವಿಷಯದಲ್ಲಿ ದಾನಿ ಯಾರೆಂದು ಇಡೀ ನಾಡಿಗೆ ಗೊತ್ತಿತ್ತು. ಸಾಮಾನ್ಯವಾಗಿ ಹಾಗಿರುವುದಿಲ್ಲ. ಹೆಸರು ಮುಚ್ಚಿಡಬೇಕು, ಆದರೆ ಬೇಕೆಂದಾಗ ದಾರಿ ಸಿಗಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವ ಉಪಾಯವೇ ಆ ಸಂಖ್ಯೆ.

ಸಂಖ್ಯೆ ಹೇಗಿರುತ್ತದೆ? ರಕ್ತನಿಧಿಗಳೂ ಅಂಗಾಂಶ ಬ್ಯಾಂಕುಗಳೂ ಹಲವು ದೇಶಗಳಲ್ಲಿ ಐಎಸ್‌ಬಿಟಿ 128 ಅನ್ನುವ ಒಂದು ಪದ್ಧತಿ ಬಳಸುತ್ತವೆ. ಅದರಲ್ಲಿ ಒಂದು ದಾನಕ್ಕೆ 13 ಅಕ್ಷರ ಮತ್ತು ಅಂಕಿಗಳ ಗುರುತು. ಉದಾಹರಣೆಗೆ ‘ಎ9999 25 012345’ ಅಂತ ಇಟ್ಟುಕೊಳ್ಳಿ. ಮೊದಲ ಐದು, ಅಂಗಾಂಶ ಪಡೆದ ಸಂಸ್ಥೆಯ ಗುರುತು. ಆ ಗುರುತು ಜಗತ್ತಿನಲ್ಲಿ ಇನ್ನೊಂದು ಸಂಸ್ಥೆಗೆ ಇರುವುದಿಲ್ಲ. ಮುಂದಿನ ಎರಡು ಅಂಕಿ ವರ್ಷ. ಕೊನೆಯ ಆರು, ಆ ವರ್ಷದಲ್ಲಿ ಆ ಸಂಸ್ಥೆ ಕೊಟ್ಟ ಕ್ರಮಸಂಖ್ಯೆ. ಪಕ್ಕದಲ್ಲಿ ಸಣ್ಣ ಚೌಕದೊಳಗೆ ಇನ್ನೊಂದು ಅಕ್ಷರ ಇರುತ್ತದೆ. ಮೇಲಿನ 13ರಿಂದ ಲೆಕ್ಕ ಹಾಕಿ ಬರುವ ಅಕ್ಷರ ಅದು. ರಾತ್ರಿ ಪಾಳಿಯಲ್ಲಿ ಯಾರೋ ಕೈಯಲ್ಲಿ ಟೈಪ್ ಮಾಡುವಾಗ 45 ಹೋಗಿ 54 ಆದರೆ ಲೆಕ್ಕ ತಾಳೆಯಾಗುವುದಿಲ್ಲ, ಕಂಪ್ಯೂಟರ್ ಅಲ್ಲೇ ತಡೆಯುತ್ತದೆ. ಎಷ್ಟು ಚಿಕ್ಕ ಏರ್ಪಾಡು, ಆದರೆ ಎಷ್ಟು ಕೆಲಸದ್ದು!

ಯುರೋಪು ಇನ್ನೂ ಮುಂದೆ ಹೋಗಿದೆ. 2017ರಿಂದ ಯುರೋಪಿಯನ್ ಒಕ್ಕೂಟದ ಎಲ್ಲ ಸದಸ್ಯ ದೇಶಗಳಿಗೂ ಒಂದೇ ಮಾದರಿಯ ಕೋಡ್, ಒಟ್ಟು 40 ಅಕ್ಷರ. ಮೊದಲ 21 ದಾನದ ಕಥೆ ಹೇಳುತ್ತವೆ: ಯಾವ ದೇಶ, ಯಾವ ಸಂಸ್ಥೆ, ಯಾವ ದಾನ. ಮಿಕ್ಕ 19 ವಸ್ತುವಿನ ಕಥೆ: ಯಾವ ಬಗೆಯ ಅಂಗಾಂಶ, ಎಷ್ಟನೆಯ ಭಾಗ, ಯಾವ ತಾರೀಕಿನವರೆಗೆ ಬಳಸಬಹುದು. ‘ಎಷ್ಟನೆಯ ಭಾಗ’ ಅನ್ನುವುದಕ್ಕೆ ಮೂರು ಸ್ಥಾನ ಮೀಸಲು. ಒಂದು ಕಾರ್ನಿಯಾ ಎರಡಾಗುವಾಗ, ಒಂದು ತೊಡೆಮೂಳೆ ಮೂವತ್ತಾಗುವಾಗ ಎರಡು ಪೊಟ್ಟಣಕ್ಕೆ ಒಂದೇ ಗುರುತು ಬೀಳದಂತೆ ಕಾಯುವುದು ಈ ಮೂರು ಅಂಕಿ. ದಾಖಲೆಯನ್ನು ಅಲ್ಲಿ 30 ವರ್ಷ ಇಡಬೇಕು. ಅಮೆರಿಕದಲ್ಲಿ ಅಂಗಾಂಶ ಬಳಸಿದ ಮೇಲೆ ಕನಿಷ್ಠ 10 ವರ್ಷ.

ಸಂಖ್ಯೆಯ ಜೊತೆಗೆ ಲೇಬಲ್ ಮೇಲೆ ಅಂಗಾಂಶದ ಹೆಸರು, ಬಳಸುವ ಕೊನೆಯ ದಿನಾಂಕ, ಎಷ್ಟು ತಂಪಿನಲ್ಲಿ ಇಡಬೇಕು, ಯಾವ ಸಂಸ್ಥೆ ಬಿಡುಗಡೆ ಮಾಡಿತು ಅನ್ನುವುದು ಇರುತ್ತದೆ ಅಥವಾ ಜೊತೆಗಿನ ಕಾಗದದಲ್ಲಿ ಇರುತ್ತದೆ. ಕಾರ್ನಿಯಾ ಆದರೆ ಸಾವು ಸಂಭವಿಸಿದ ಸಮಯ, ದ್ರಾವಣಕ್ಕೆ ಹಾಕಿದ ಸಮಯ, ಹಿಂದಿನ ಪದರದಲ್ಲಿ ಜೀವಕೋಶ ಎಷ್ಟಿವೆ ಅನ್ನುವ ಎಣಿಕೆ, ಎಲ್ಲ ಜೊತೆಯ ಕಾಗದದಲ್ಲಿ ಬರುತ್ತವೆ. ಆ ಪದರದ ಜೀವಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಆ ಎಣಿಕೆ ನೋಡದೆ ಸರ್ಜನ್ ಮುಂದುವರಿಯುವುದಿಲ್ಲ.

ಎಚ್ಚರಿಕೆಯ ಸಾಲುಗಳೂ ಇವೆ. ಒಬ್ಬರ ಮೈಯಿಂದ ತೆಗೆದದ್ದನ್ನು ಅವರಿಗೇ ವಾಪಸ್ ಹಾಕುವುದಾದರೆ ‘ಅದೇ ವ್ಯಕ್ತಿಗೆ ಮಾತ್ರ’ ಅಂತ ಇರಬೇಕು. ಸೋಂಕಿನ ಪರೀಕ್ಷೆ ಮುಗಿಯದಿದ್ದರೆ ಅದನ್ನು ಬಿಡಿಸಿ ಬರೆಯಬೇಕು.

ಕಾಯುವ ಕಪಾಟು

ಅಂಗಾಂಶ ಬ್ಯಾಂಕಿಗೆ ಬಂದದ್ದು ನೇರವಾಗಿ ಆಪರೇಷನ್ ಥಿಯೇಟರಿಗೆ ಹೋಗುವುದಿಲ್ಲ. ಮೊದಲು ಪ್ರತ್ಯೇಕ ಕಪಾಟು ಅಥವಾ ಫ್ರಿಜ್, ಅದರ ಮೇಲೆ ‘ಬಿಡುಗಡೆಯಾಗಿಲ್ಲ’ ಅನ್ನುವ ಗುರುತು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಪರೀಕ್ಷೆಯ ಫಲಿತಾಂಶ ಬರಬೇಕು. ಚರ್ಮವಾದರೆ ಅದರಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆಯುತ್ತಿವೆಯೇ ಅಂತ ಲ್ಯಾಬಿನಲ್ಲಿ ಕಲ್ಚರ್ ಹಾಕಿ ನೋಡಬೇಕು. ಆಮೇಲೆ ಅಧಿಕಾರ ಇರುವ ಒಬ್ಬರು ಸಹಿ ಹಾಕಿ ಬಿಡುಗಡೆ ಮಾಡುತ್ತಾರೆ.

ಬದುಕಿರುವ ದಾನಿಗಳೂ ಇದ್ದಾರೆ. ಸೊಂಟದ ಕೀಲು ಬದಲಿಸುವಾಗ ಹೊರತೆಗೆದ ತೊಡೆಮೂಳೆಯ ತಲೆಭಾಗವನ್ನು ಬ್ಯಾಂಕಿಗೆ ಕೊಡಬಹುದು. ಹೊಟ್ಟೆಯೊಳಗೆ ಮಗುವನ್ನು ಸುತ್ತಿಕೊಂಡಿದ್ದು ಹೆರಿಗೆಯ ನಂತರ ಸಿಗುವ ತೆಳು ಪೊರೆ ಸುಟ್ಟ ಗಾಯಕ್ಕೂ ಕಣ್ಣಿಗೂ ಬಹಳ ಉಪಯೋಗ. ಇಂಥ ದಾನಿಗಳನ್ನು ಮತ್ತೆ ಕರೆಸಿ ಪರೀಕ್ಷಿಸುವ ಅವಕಾಶ ಇದೆ. ಯುರೋಪಿನ ನಿಯಮದಲ್ಲಿ 180 ದಿನ ಬಿಟ್ಟು ಇನ್ನೊಮ್ಮೆ ರಕ್ತ ನೋಡಬೇಕು, ಇಲ್ಲವೇ ವೈರಸ್ಸನ್ನೇ ನೇರವಾಗಿ ಹುಡುಕುವ ಸೂಕ್ಷ್ಮ ಪರೀಕ್ಷೆ ಮೊದಲೇ ಮಾಡಿರಬೇಕು. 1985ರ ಆ ಯುವಕನಲ್ಲಿ ಕಣ್ಣಿಗೆ ಬೀಳದೆ ಹೋದ ಅಂತರವನ್ನು ಮುಚ್ಚುವುದು ಹೀಗೆ.

ಲೇಬಲ್ ಸುಳ್ಳು ಹೇಳಿದಾಗ

ಅಮೆರಿಕದಲ್ಲಿ ಅಂಗಾಂಶದ ಮೊದಲ ನಿಯಮಗಳು ಜಾರಿಯಲ್ಲಿದ್ದಾಗಲೇ ಅಲ್ಲಿನ ನ್ಯೂಜೆರ್ಸಿಯಲ್ಲಿ ಒಂದು ಭಯಂಕರ ಮೋಸ ನಡೆಯುತ್ತಿತ್ತು. ಬಯೋಮೆಡಿಕಲ್ ಟಿಶ್ಯೂ ಸರ್ವಿಸಸ್ ಅನ್ನುವ ಕಂಪನಿ. ನಡೆಸುತ್ತಿದ್ದವನು ಹಿಂದೆ ದಂತವೈದ್ಯನಾಗಿದ್ದ ಮೈಕೆಲ್ ಮಾಸ್ಟ್ರೊಮರಿನೊ. ಅಂತ್ಯಕ್ರಿಯೆ ನಡೆಸುವ ಕೆಲವರ ಜೊತೆ ಸೇರಿ, ಮನೆಯವರ ಒಪ್ಪಿಗೆ ಇಲ್ಲದೆ ಸಾವಿರಕ್ಕೂ ಹೆಚ್ಚು ಶವಗಳಿಂದ ಮೂಳೆ, ಚರ್ಮ, ನಾರುಗಳನ್ನು ತೆಗೆದು ಮಾರಿದ. ಮೂಳೆ ಇದ್ದ ಜಾಗದಲ್ಲಿ ಪ್ಲಂಬಿಂಗ್ ಪೈಪು ತುರುಕಿ ಶವವನ್ನು ವಾಪಸ್ ಕೊಟ್ಟ.

ಬಿಬಿಸಿಯ ಹೆಸರಾಂತ ಪತ್ರಕರ್ತ ಆಲಿಸ್ಟೇರ್ ಕುಕ್ ಅವರ ಮೂಳೆಯೂ ಹೀಗೆ ಹೋಯಿತು. ಅವರು ತೀರಿಕೊಂಡದ್ದು 2004ರಲ್ಲಿ, 95ನೇ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಹರಡಿ. ಕಂಪನಿಯ ಕಾಗದದಲ್ಲಿ ವಯಸ್ಸು 85, ಸಾವಿಗೆ ಕಾರಣ ಹೃದಯಾಘಾತ. ಹಾಳೆ ನೋಡಿದವರಿಗೆ ಅನುಮಾನ ಬರುವಂಥದ್ದು ಏನೂ ಇಲ್ಲ. ಸಂಖ್ಯೆ ಇತ್ತು, ಸಹಿ ಇತ್ತು, ಸ್ಟಿಕ್ಕರ್ ನೇರವಾಗಿ ಅಂಟಿತ್ತು.

ಸಿಕ್ಕಿಬಿದ್ದದ್ದು ಹೇಗೆ ಅಂದರೆ, ಅವನಿಂದ ಅಂಗಾಂಶ ಕೊಳ್ಳುತ್ತಿದ್ದ ಒಂದು ಕಂಪನಿಯಲ್ಲಿ ದಾನಿಗಳ ಕಾಗದವನ್ನು ಸುಮ್ನೆ ಫೈಲಿಗೆ ಸೇರಿಸದೆ ಪರಿಶೀಲಿಸಿದರು. ತಾಳೆಯಾಗಲಿಲ್ಲ. 2005ರ ಅಕ್ಟೋಬರ್‌ನಲ್ಲಿ ಮಾಲು ವಾಪಸ್ ಕರೆಸುವ ಕೆಲಸ ಶುರುವಾಯಿತು. ಮರುವರ್ಷದ ಆರಂಭದಲ್ಲೇ ಎಫ್‌ಡಿಎ ಆ ಕಂಪನಿಯ ಕೆಲಸ ನಿಲ್ಲಿಸಿತು. ಮಾಸ್ಟ್ರೊಮರಿನೊ 2008ರಲ್ಲಿ ತಪ್ಪೊಪ್ಪಿಕೊಂಡ, ದೀರ್ಘ ಜೈಲು ಶಿಕ್ಷೆಯಾಯಿತು, 2013ರಲ್ಲಿ ಸತ್ತ.

ಲೇಬಲ್ ಅನ್ನುವುದು ಒಂದು ಕಡತದ ಕೊನೆಯ ತುದಿ ಮಾತ್ರ. ಕಡತದ ಇನ್ನೊಂದು ತುದಿಯಲ್ಲಿ ಮನೆಯವರ ಒಪ್ಪಿಗೆ ಪತ್ರ, ಮರಣದ ಕಾರಣ, ರಕ್ತದ ವರದಿ ನಿಜವಾಗಿ ಇರಬೇಕು. ಅದನ್ನು ನೋಡಲು ಯಾರಾದರೂ ಬಾಗಿಲು ತಟ್ಟಿ ಹೋಗಬೇಕು. ತಪಾಸಣೆ ಇಲ್ಲದ ಕಡೆ ಒಳ್ಳೆಯ ಪ್ರಿಂಟರ್ ಇದ್ದರೆ ಸಾಕು, ಯಾವ ಸುಳ್ಳನ್ನಾದರೂ ಅಂಟಿಸಬಹುದು.

ಡಬ್ಬಿಯೊಳಗೆ

ಈಗ ಸಾಗಣೆ. ಇದರಲ್ಲಿ ಒಂದೇ ಸೂತ್ರ ಎಲ್ಲಕ್ಕೂ ನಡೆಯುವುದಿಲ್ಲ. ಒಂದಕ್ಕೆ ಪ್ರಾಣ ಉಳಿಸುವ ಚಳಿ ಇನ್ನೊಂದನ್ನು ಕೊಂದುಬಿಡುತ್ತದೆ.

ಕಾರ್ನಿಯಾವನ್ನೇ ನೋಡಿ. ಸಾವಾದ ಆರು ಗಂಟೆಯೊಳಗೆ ತೆಗೆಯಬೇಕು ಅನ್ನುವುದು ನಮ್ಮ ದೇಶದ ಸಾಮಾನ್ಯ ರೂಢಿ. ತೆಗೆದ ಮೇಲೆ ಸಣ್ಣ ಸೀಸೆಯಲ್ಲಿ ಗುಲಾಬಿ ಬಣ್ಣದ ದ್ರಾವಣದಲ್ಲಿ ಇಡುತ್ತಾರೆ. ಎಂಕೆ ಮೀಡಿಯಂ ಅನ್ನುವ ದ್ರಾವಣದಲ್ಲಿ ನಾಲ್ಕು ದಿನ ಉಳಿಯುತ್ತದೆ. ಬೆಲೆ ಜಾಸ್ತಿಯಿರುವ ಬೇರೆ ದ್ರಾವಣಗಳಲ್ಲಿ 14 ದಿನದವರೆಗೂ. ಆ ಗುಲಾಬಿ ಬಣ್ಣಕ್ಕೂ ಒಂದು ಕೆಲಸ ಇದೆ. ಒಳಗೆ ಬ್ಯಾಕ್ಟೀರಿಯಾ ಬೆಳೆದರೆ ದ್ರಾವಣ ಹುಳಿಯಾಗುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ. ಸೀಸೆ ಕೈಗೆ ಬಂದ ಕೂಡಲೇ ಬೆಳಕಿಗೆ ಹಿಡಿದು ನೋಡುವುದು ಅದಕ್ಕೇ. ದ್ರಾವಣ ಹಳದಿಯಾಗಿದ್ದರೆ, ಮಬ್ಬಾಗಿದ್ದರೆ ಬಳಸುವಂತಿಲ್ಲ.

ಸೀಸೆ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಇಡುತ್ತಾರೆ, ಆದರೆ ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿದರೆ ನೀರು ಹರಳಾಗಿ ಹಿಂದಿನ ಪದರದ ಜೀವಕೋಶಗಳನ್ನು ಒಡೆದುಹಾಕುತ್ತದೆ. ಹೊರಗಿನಿಂದ ಕಾರ್ನಿಯಾ ಚೆನ್ನಾಗಿಯೇ ಕಾಣಬಹುದು, ಹಾಕಿದ ಮೇಲೆ ಮಬ್ಬಾಗಿಯೇ ಉಳಿಯುತ್ತದೆ. ತಂಪಾಗಲಿ ಅಂತ ಒಳ್ಳೆಯ ಮನಸ್ಸಿನಿಂದ ಡಬ್ಬಿಯನ್ನು ಫ್ರೀಜರ್‌ಗೆ ತಳ್ಳಿದರೆ ಒಬ್ಬರ ಇಡೀ ದಾನ ವ್ಯರ್ಥ. ಅದಕ್ಕೇ ಹೊರಗಿನ ಲೇಬಲ್ ಮೇಲೆ ‘ಮಾನವ ಅಂಗಾಂಶ’ ಅಂತ ಬರೆದರೆ ಸಾಲದು. ಎಷ್ಟು ಡಿಗ್ರಿಯಲ್ಲಿ ಇಡಬೇಕು, ಯಾವ ಕಡೆ ಮೇಲೆ, ತಡವಾದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ದೊಡ್ಡ ಅಕ್ಷರದಲ್ಲಿ ಬೇಕು. ನನ್ನನ್ನು ಕೇಳಿದರೆ ನಮ್ಮ ಕಡೆ ಅದು ಕನ್ನಡದಲ್ಲೂ ಇರಬೇಕು. ಡಬ್ಬಿಯನ್ನು ಕೈಯಲ್ಲಿ ಹಿಡಿಯುವವರು ಬಸ್ಸಿನ ಕಂಡಕ್ಟರ್, ಲಗೇಜ್ ಎತ್ತುವ ಹುಡುಗ, ಆಸ್ಪತ್ರೆಯ ಸೆಕ್ಯುರಿಟಿ. ಅವರು ಓದುವ ಭಾಷೆಯಲ್ಲಿ ಇಲ್ಲದ ಎಚ್ಚರಿಕೆಯಿಂದ ಏನು ಪ್ರಯೋಜನ?

ಹೃದಯದ ಕವಾಟದ್ದು ಇದಕ್ಕೆ ತದ್ವಿರುದ್ಧ. ಅದನ್ನು ರಕ್ಷಕ ದ್ರಾವಣದಲ್ಲಿ ನಿಧಾನವಾಗಿ ಹೆಪ್ಪುಗಟ್ಟಿಸಿ, ದ್ರವ ಸಾರಜನಕದ ಆವಿಯಲ್ಲಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ ಇಡುತ್ತಾರೆ. ಸಾಗಿಸುವ ಪಾತ್ರೆಯ ಗೋಡೆಯೊಳಗಿನ ಸ್ಪಂಜಿನಂಥ ವಸ್ತು ಸಾರಜನಕವನ್ನು ಹೀರಿಕೊಂಡಿರುತ್ತದೆ. ಹಾಗಾಗಿ ಪಾತ್ರೆ ವಾಲಿದರೂ ಚೆಲ್ಲುವುದಿಲ್ಲ. ಇನ್ನು ಕೆಲವು ಅಂಗಾಂಶಗಳಿಗೆ ಡ್ರೈ ಐಸ್ ಸಾಕು. ಅದು ಮೈನಸ್ 78 ಡಿಗ್ರಿಯ ಹತ್ತಿರ ಇರುತ್ತದೆ, ಕರಗಿ ನೀರಾಗದೆ ನೇರವಾಗಿ ಇಂಗಾಲದ ಡೈಆಕ್ಸೈಡ್ ಅನಿಲ ಆಗುತ್ತದೆ. ಆ ಅನಿಲ ಹೊರಗೆ ಹೋಗಲು ದಾರಿ ಬೇಕು. ಗಾಳಿಯಾಡದಂತೆ ಟೇಪ್ ಸುತ್ತಿದರೆ ಡಬ್ಬಿ ಸಿಡಿಯಬಹುದು. ಮುಚ್ಚಿದ ವ್ಯಾನಿನಲ್ಲಿ ಜಾಸ್ತಿ ಇಟ್ಟರೆ ಡ್ರೈವರ್‌ಗೆ ಉಸಿರುಗಟ್ಟಬಹುದು. ವಿಮಾನದಲ್ಲಿ ಹೋಗುವಾಗ ಯುಎನ್ 1845 ಅನ್ನುವ ಸಂಖ್ಯೆ, ಒಳಗೆ ಎಷ್ಟು ಕಿಲೋ ಡ್ರೈ ಐಸ್ ಇದೆ ಅನ್ನುವುದು ಹೊರಗೆ ಬರೆದಿರಬೇಕು. ಕಸಿಗೆಂದು ಹೋಗುವ ಅಂಗಾಂಶವನ್ನು ಅಂತರರಾಷ್ಟ್ರೀಯ ಸಾಗಣೆ ನಿಯಮ ಅಪಾಯಕಾರಿ ಸರಕು ಅಂತ ಎಣಿಸುವುದಿಲ್ಲ. ಆದರೆ ಅದನ್ನು ತಂಪಾಗಿಡುವ ಡ್ರೈ ಐಸ್ ಆ ಪಟ್ಟಿಯಲ್ಲಿದೆ. ಈ ವ್ಯತ್ಯಾಸ ತಿಳಿಯದೆ ತಪ್ಪು ಗುರುತು ಅಂಟಿಸಿದರೆ ಡಬ್ಬಿ ವಿಮಾನ ನಿಲ್ದಾಣದಲ್ಲೇ ಕೂರುತ್ತದೆ, ಸಮಯ ಓಡುತ್ತದೆ.

ಒಣಗಿಸಿದ ಮೂಳೆಗೆ ಚಳಿಯ ಹಂಗೇ ಇಲ್ಲ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಿಂದ ಇಂಥ ಮೂಳೆ ತಯಾರಿಸುತ್ತಿದೆ. ತೊಳೆದು, ಹೆಪ್ಪುಗಟ್ಟಿಸಿ ಒಣಗಿಸಿ, ಪೊಟ್ಟಣದೊಳಗೆ ಮುಚ್ಚಿದ ಮೇಲೆ ಗಾಮಾ ಕಿರಣ ಹಾಯಿಸುತ್ತಾರೆ. ಗಾಮಾ ಕಿರಣಕ್ಕೆ ಒಡ್ಡುವ ವಸ್ತುಗಳ ಪೊಟ್ಟಣದ ಮೇಲೆ ಸಾಮಾನ್ಯವಾಗಿ ಒಂದು ಹಳದಿ ಚುಕ್ಕೆ ಅಂಟಿಸಿರುತ್ತಾರೆ, ಕಿರಣ ತಾಗಿದರೆ ಅದು ಕೆಂಪಾಗುತ್ತದೆ. ಕಿರಣ ತಾಗಿದೆ ಅಂತ ಮಾತ್ರ ಆ ಚುಕ್ಕೆ ಹೇಳುತ್ತದೆ, ಸಾಕಷ್ಟು ತಾಗಿದೆಯಾ ಅಂತ ಹೇಳುವುದಿಲ್ಲ. ಅದಕ್ಕೆ ಬ್ಯಾಚಿನ ದಾಖಲೆ ನೋಡಬೇಕು. ಈ ಪೊಟ್ಟಣ ಕೋಣೆಯ ಉಷ್ಣತೆಯಲ್ಲೇ ಊರೂರು ಸುತ್ತಬಹುದು. ತೂತಾಗದಂತೆ, ಒದ್ದೆಯಾಗದಂತೆ ನೋಡಿಕೊಂಡರೆ ಆಯಿತು.

ಒಂದು ಸಂಖ್ಯೆ ಹಿಡಿದು 20 ರಾಜ್ಯ

ಎಲ್ಲ ಮೂಳೆಯನ್ನೂ ಹೀಗೆ ಕಿರಣ ಹಾಯಿಸಿ ಶುದ್ಧ ಮಾಡಲು ಆಗುವುದಿಲ್ಲ. ಕೆಲವು ಉತ್ಪನ್ನಗಳಲ್ಲಿ ಜೀವಂತ ಕೋಶಗಳು ಉಳಿಯಬೇಕು, ಅದೇ ಅವುಗಳ ಗುಣ. ಅಮೆರಿಕದಲ್ಲಿ ಬೆನ್ನುಮೂಳೆಯ ಆಪರೇಷನ್‌ಗೆ ಬಳಸುತ್ತಿದ್ದ ಫೈಬರ್‌ಸೆಲ್ ಅಂಥದ್ದು. 2021ರಲ್ಲಿ ಅದರ ಒಂದು ಲಾಟ್‌ನಲ್ಲಿ, ಅಂದರೆ ಒಟ್ಟಿಗೆ ತಯಾರಾದ ಒಂದು ಕಂತಿನಲ್ಲಿ, ಕ್ಷಯದ ಬ್ಯಾಕ್ಟೀರಿಯಾ ಸೇರಿಬಿಟ್ಟಿತ್ತು. ಇಡೀ ಲಾಟ್ ಒಬ್ಬನೇ ದಾನಿಯಿಂದ ಬಂದದ್ದು.

ಡೆಲವೇರ್‌ನ ಒಂದು ಆಸ್ಪತ್ರೆಯಲ್ಲಿ ಬೆನ್ನಿನ ಆಪರೇಷನ್ ಆದ ಹಲವರಿಗೆ ಒಟ್ಟಿಗೆ ಸೋಂಕು ಬಂತು. ಆ ರೋಗಿಗಳಿಗೆಲ್ಲ ಸಾಮಾನ್ಯವಾದದ್ದು ಏನು ಅಂತ ಹುಡುಕಿದಾಗ ಸಿಕ್ಕಿದ್ದು ಲಾಟ್ ಸಂಖ್ಯೆ. 2021ರ ಜೂನ್ ಆರಂಭದಲ್ಲೇ ಲಾಟ್ ವಾಪಸ್ ಕರೆಸಿದರು. ಅದು ಅಷ್ಟರಲ್ಲಿ 20 ರಾಜ್ಯಗಳ ಆಸ್ಪತ್ರೆಗಳಿಗೆ ಹೋಗಿ, 113 ಜನರ ಮೈ ಸೇರಿತ್ತು. ಅವರೆಲ್ಲರನ್ನೂ ಹುಡುಕಿದರು. ಲಕ್ಷಣ ಇಲ್ಲದವರಿಗೂ ಕ್ಷಯದ ಔಷಧಿ ಶುರು ಮಾಡಿದರು. ಕೆಲವರನ್ನು ಉಳಿಸಿಕೊಳ್ಳಲು ಆಗಲಿಲ್ಲ. 2023ರಲ್ಲಿ ಇನ್ನೊಬ್ಬ ದಾನಿಯ ಮೂಳೆಯಿಂದ ಮತ್ತೆ ಇದೇ ಬಗೆಯ ಘಟನೆ ನಡೆಯಿತು, ಈ ಬಾರಿ ಪಡೆದಿದ್ದವರು 36 ಜನ.

ತಪಾಸಣೆ ಸೋತ ಕಡೆ ಲೇಬಲ್ ಕೆಲಸ ಮಾಡಿತು. 1985ರ ದಾನಿಯ ವಿಷಯ ಹೊರಬರಲು ಆರು ವರ್ಷ ಬೇಕಾಯಿತು, ಆರು ಭಾಗಗಳ ಲೆಕ್ಕ ಸಿಗಲೇ ಇಲ್ಲ. 2021ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಆರೋಗ್ಯ ಅಧಿಕಾರಿಗಳಿಗೆ ಸುದ್ದಿ ಮುಟ್ಟಿದ ಮೇಲೆ ಬಳಸದೆ ಉಳಿದಿದ್ದ ಮಾಲನ್ನು ಕೆಲವೇ ದಿನಗಳಲ್ಲಿ ಬೇರೆಯಾಗಿ ತೆಗೆದಿಟ್ಟರು.

ನಮ್ಮಲ್ಲಿ ದಾರಿ ತುಂಡಾಗಬಹುದಾದ ಜಾಗ

ದಾನಿಯಿಂದ ಅಂಗಾಂಶಕ್ಕೂ, ಅಂಗಾಂಶದಿಂದ ದಾನಿಗೂ ಎರಡೂ ಕಡೆಯಿಂದ ಜಾಡು ಹಿಡಿಯುವಂತೆ ಬ್ಯಾಂಕ್ ರಿಜಿಸ್ಟರ್ ಇಡಬೇಕು ಅಂತ ನಮ್ಮ 2014ರ ನಿಯಮ ಹೇಳುತ್ತದೆ. ಯಾವ ಹಂತದ ಕೆಲಸವನ್ನು ಯಾವ ದಿನ ಯಾವ ಸಿಬ್ಬಂದಿ ಮಾಡಿದರು ಅನ್ನುವುದೂ ಅದರಲ್ಲಿ ಇರಬೇಕು. ಒಳ್ಳೆಯ ನಿಯಮ. ಆದರೆ ಆ ಸಂಖ್ಯೆ ಹೇಗಿರಬೇಕು ಅಂತ ಯುರೋಪಿನ ಹಾಗೆ ಅದು ಒಂದೇ ರೂಪ ಕೊಡುವುದಿಲ್ಲ. ಬ್ಯಾಂಕಿಗೊಂದು ಬಗೆಯಾದರೆ, ರಾಜ್ಯ ದಾಟಿ ಹೋದ ಅಂಗಾಂಶದ ಸಂಖ್ಯೆ ಆ ಕಡೆಯ ಆಸ್ಪತ್ರೆಯ ಕಂಪ್ಯೂಟರಿಗೆ ಅರ್ಥವೇ ಆಗದಿರಬಹುದು. ಅಂಗದಾನದ ಉಸ್ತುವಾರಿಗೆ ಇಡೀ ದೇಶಕ್ಕೆ ದೆಹಲಿಯ ನೋಟೊ, ನಮ್ಮ ಭಾಗದ ರಾಜ್ಯಗಳಿಗೆ ಚೆನ್ನೈಯ ರೋಟೊ, ಕರ್ನಾಟಕಕ್ಕೆ ಜೀವಸಾರ್ಥಕತೆ ಹೀಗೆ ಮೂರು ಹಂತದ ವ್ಯವಸ್ಥೆ ನಮ್ಮಲ್ಲಿ ಆಗಲೇ ಇದೆ. ಇಡೀ ದೇಶಕ್ಕೆ ಅಂಗಾಂಶದ ಒಂದೇ ಕೋಡ್ ತರಲು ಇದಕ್ಕಿಂತ ಒಳ್ಳೆಯ ಚೌಕಟ್ಟು ಬೇಕಿಲ್ಲ. ತರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅದಕ್ಕಿಂತಲೂ ನನಗೆ ಚಿಂತೆ ಇರುವುದು ಕೊನೆಯ ಹೆಜ್ಜೆಯ ಬಗ್ಗೆ. ಬ್ಯಾಂಕಿನಿಂದ ಆಸ್ಪತ್ರೆಯವರೆಗೆ ಎಲ್ಲ ಸರಿಯಾಗಿ ನಡೆದಿದೆ ಅಂದುಕೊಳ್ಳಿ. ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಪೊಟ್ಟಣ ಬಿಚ್ಚುತ್ತಾರೆ. ಅದರ ಜೊತೆ ಕಿತ್ತು ಅಂಟಿಸುವ ಮೂರ್ನಾಲ್ಕು ಸ್ಟಿಕ್ಕರ್ ಇರುತ್ತವೆ. ಒಂದು ರೋಗಿಯ ಕೇಸ್ ಶೀಟಿಗೆ, ಒಂದು ಓಟಿ ರಿಜಿಸ್ಟರಿಗೆ, ಒಂದು ಬ್ಯಾಂಕಿಗೆ ವಾಪಸ್ ಕಳಿಸುವ ಕಾರ್ಡಿಗೆ. ಅವಸರದ ದಿನ, ಹೊರಗೆ ಇನ್ನೊಂದು ಕೇಸು ಕಾಯುತ್ತಿದೆ. ಪೊಟ್ಟಣ ಸ್ಟಿಕ್ಕರ್ ಸಮೇತ ಕಸದ ಬುಟ್ಟಿಗೆ ಹೋದರೆ ಜಾಡು ಅಲ್ಲಿಗೇ ಮುಗಿಯಿತು. ಬ್ಯಾಂಕಿನ ಪುಸ್ತಕದಲ್ಲಿ ಆಸ್ಪತ್ರೆಯ ಹೆಸರು ಇರುತ್ತದೆ, ರೋಗಿಯ ಹೆಸರು ಎಲ್ಲೂ ಇರುವುದಿಲ್ಲ.

ಇದು ದೊಡ್ಡ ಆಸ್ಪತ್ರೆಗಳಿಗೆ ಮಾತ್ರ ಸೇರಿದ ವಿಷಯ ಅಂದುಕೊಳ್ಳಬೇಡಿ. ಹಲ್ಲಿನ ಡಾಕ್ಟರ ಹತ್ತಿರ ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಎಷ್ಟೋ ಜನರ ದವಡೆಗೆ ಮೂಳೆಯ ಪುಡಿ ತುಂಬಿರುತ್ತಾರೆ. ಆ ಪುಡಿ ದನದ ಮೂಳೆಯದ್ದಿರಬಹುದು, ಕೃತಕವಾಗಿ ಮಾಡಿದ್ದಿರಬಹುದು, ಮನುಷ್ಯನ ಮೂಳೆಯದ್ದೂ ಇರಬಹುದು. ಯಾವುದು ಅಂತ ಕೇಳುವ ಹಕ್ಕು ನಿಮಗಿದೆ. ಪುಟ್ಟ ಸೀಸೆಯ ಮೇಲೂ ಸಂಖ್ಯೆ ಇದ್ದೇ ಇರುತ್ತದೆ. ಕಾರ್ನಿಯಾ, ಮೂಳೆ, ಮಂಡಿಯ ನಾರು, ಚರ್ಮ ಏನೇ ಹಾಕಿಸಿಕೊಂಡಿದ್ದರೂ ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ ಅದರಲ್ಲಿ ಅಂಗಾಂಶದ ಸಂಖ್ಯೆ, ಬ್ಯಾಂಕಿನ ಹೆಸರು, ತಾರೀಕು ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲೇ ಬರೆಸಿಕೊಳ್ಳಿ, ಫೋಟೋ ತೆಗೆದು ಇಟ್ಟುಕೊಳ್ಳಿ. ಊರು ಬಿಟ್ಟರೆ, ಫೋನ್ ನಂಬರ್ ಬದಲಾದರೆ ಆಸ್ಪತ್ರೆಗೆ ತಿಳಿಸಿ. ಎಷ್ಟೋ ವರ್ಷದ ಮೇಲೆ ಅವರು ನಿಮ್ಮನ್ನು ಹುಡುಕಬೇಕಾದ ದಿನ ಬಂದರೆ, ಆ ಒಂದು ಸಾಲಿನಿಂದಲೇ ನಿಮ್ಮನ್ನು ತಲುಪಲು ಸಾಧ್ಯ.